ಬರೆದವರು: ಚಂದು

ನಮ್ಮ ಹಾರನಹಳ್ಳಿಯ ರಮ್ಯಶ್ರೀ ತಮ್ಮ ಮನೆಯ ಸಸಿ ನರ್ಸರಿಯ ವೆಬ್‌ಸೈಟಿಗೆ ತನ್ನ ಮೊದಲ ಪ್ಲಗಿನ್, ಅಂದರೆ ವೆಬ್‌ಸೈಟಿಗೆ ಜೋಡಿಸುವ ಪುಟ್ಟ ಪ್ರೋಗ್ರಾಂ, ಬರೆದದ್ದು ಒಂದು ಸುಡುಬಿಸಿಲಿನ ಮಧ್ಯಾಹ್ನ. ಪುಟದ ಮೇಲ್ಗಡೆ ‘ಬನ್ನಿ’ ಎಂದು ತೋರಿಸುವುದಷ್ಟೇ ಅದರ ಕೆಲಸ. ‘ಬರೆದವರು’ ಎಂಬಲ್ಲಿ ತನ್ನ ಹೆಸರನ್ನೇ ಹಾಕಿದ್ದಳು. ಚಾಲೂ ಮಾಡಿದರೆ, ಪ್ಲಗಿನ್‌ಗಳ ಪಟ್ಟಿಯಲ್ಲಿ ‘ಬರೆದವರು: ಚಂದು’ ಎಂದಿತ್ತು.

ಈ ಕೆಲಸ ಕಲಿಸುತ್ತೇನೆಂದಿದ್ದ ಅಣ್ಣ ಚಂದು ಹೋದ ವರ್ಷ ಚುಂಚನಕಟ್ಟೆಯ ಹೊಳೆಯಲ್ಲಿ ಮುಳುಗಿ ಸತ್ತಿದ್ದ.

ಫೈಲು ತೆರೆದಳು. ಅದರೊಳಗೆ ಅವಳ ಹೆಸರೇ ಇತ್ತು. ಬೆರಳಡಿಯ ಕೀಲಿಮಣೆ ತಣ್ಣಗೆ ಕೊರೆಯುತ್ತಿತ್ತು.

“ಇದ್ಯಾಕವ್ವ, ಮನೇಲಿ ಒಳೆ ಕೆಸ್ರಿನ ವಾಸ್ನೆ ಬತ್ತದೆ?” ಬಾಗಿಲಲ್ಲಿ ನಿಂತು ತಾಯಿ ಮರಮ್ಮ ಕೇಳಿದಳು.

“ಏನಿಲ್ಲ ಬುಡವ್ವ,” ಎನ್ನುತ್ತ ರಮ್ಯಶ್ರೀ ಪ್ಲಗಿನ್ ಅಳಿಸಿಹಾಕಿದಳು.

ಪಟ್ಟಿಯನ್ನು ಮತ್ತೆ ತೆರೆದಾಗ ಅದು ಅಲ್ಲೇ ಇತ್ತು. ಅವಳು ಬರೆದದ್ದು ಒಂದೇ ಆವೃತ್ತಿ. ಪಟ್ಟಿಯಲ್ಲಿದ್ದದ್ದು ಯಾರೋ ಮುಂದುವರಿಸಿ ಬರೆದ ಎರಡನೆಯದು.