ರಕ್ತ ಇಟ್ಟುಕೊಂಡ ಗುರುತು

“ಇನ್ನು ಮೇಲೆ ನನ್ನದು ಅಂತ ಏನಿದ್ರೂ ಅದರಲ್ಲಿ ಅರ್ಧ ನಿಮಗೆ” ಎಂದು ಬಡಗಿ ಮಾತು ಕೊಟ್ಟಿದ್ದು ಒಂದು ಊಟದ ಡಬ್ಬಿಯ ಮುಂದೆ. ಶಾಲೆಯ ಬೆಂಚುಗಳನ್ನು ರಿಪೇರಿ ಮಾಡಲು ಹೋದವನು, ತನ್ನದೆಂದುಕೊಂಡು ಜೀವಶಾಸ್ತ್ರದ ಟೀಚರ್ ಡಬ್ಬಿಯನ್ನು ಖಾಲಿ ಮಾಡಿಬಿಟ್ಟಿದ್ದ. ಅವಳು ಬಯ್ಯಲಿಲ್ಲ. ಡಬ್ಬಿಯ ತಳವನ್ನೂ ಅವನ ಮೀಸೆಗಂಟಿದ ಅಗುಳನ್ನೂ ಒಮ್ಮೆ ನೋಡಿ, “ರುಚಿಯಾಗಿತ್ತಾ?” ಎಂದಳು. ಅಷ್ಟಕ್ಕೇ ಅವನ ಕಥೆ ಮುಗಿದಿತ್ತು.

ಮದುವೆಯಾಯಿತು, ಮಗಳು ಹುಟ್ಟಿದಳು. ಬ್ರೆಡ್ಡಿನ ಚೂರಿನಿಂದ ಹೊದಿಕೆಯವರೆಗೆ ಎಲ್ಲದರಲ್ಲೂ ಅರ್ಧ. ಹೊದಿಕೆಯಲ್ಲಿ ಮಾತ್ರ ನಿಮ್ಮಮ್ಮ ಮುಕ್ಕಾಲು ಎಳೆದುಕೊಳ್ಳುತ್ತಾಳೆ ಎಂದು ಮಗಳ ಹತ್ತಿರ ದೂರು ಹೇಳುತ್ತಿದ್ದ.

ಅವಳ ಕಿಡ್ನಿಗಳು ಕೈಕೊಟ್ಟಾಗ ಅವನು ಯೋಚಿಸಲೇ ಇಲ್ಲ. ತನ್ನ ಹತ್ತಿರ ಎರಡಿವೆ, ಅರ್ಧ ಅಂದರೆ ಒಂದು. ರಕ್ತದ ಗುಂಪೂ ಹೊಂದುತ್ತದೆ ಎಂದು ತಿಳಿದ ದಿನ ಆಸ್ಪತ್ರೆಯ ಕಾರಿಡಾರಿನಲ್ಲೇ ಅವಳಿಗೆ ಕಣ್ಣು ಹೊಡೆದ. ವಯಸ್ಸಿಗೆ ತಕ್ಕ ಹಾಗಿರಿ ಎಂದು ಗದರಿ, ಅವಳು ಊದಿದ ಕೈಯಿಂದ ನಗು ಮುಚ್ಚಿಕೊಂಡಳು.

ಆಮೇಲೆ ಅವಳ ರಕ್ತದ ಸೀರಮ್ಮಿನಲ್ಲಿ ಅವನ ಜೀವಕೋಶಗಳನ್ನು ಬೆರೆಸಿ ನೋಡಿದರು. ಕೋಶಗಳು ಸತ್ತವು. ಅವಳ ರಕ್ತದಲ್ಲಿ ಅವನ ವಿರುದ್ಧ ಆಂಟಿಬಾಡಿಗಳಿವೆ, ಯಾವ ಬಗೆಯವೆಂದು ತಿಳಿಯಲು ಇನ್ನೊಂದು ಪರೀಕ್ಷೆ ಬೇಕು ಎಂದರು ಡಾಕ್ಟರ್.

ಡಯಾಲಿಸಿಸ್ ಮೆಷಿನ್ನಿನ ಪಕ್ಕ ಅವನು ಪೆಚ್ಚುಮೋರೆ ಹಾಕಿಕೊಂಡು ಕೂತ. ಅವಳು ಅವನ ಜೇಬಿನಿಂದ ದಪ್ಪ ಪೆನ್ಸಿಲ್ ಎಳೆದುಕೊಂಡು, ಅವನ ಅಂಗೈ ಮೇಲೆ ಕವಲೊಡೆದ ಕಡ್ಡಿಯೊಂದನ್ನು ಗೀರಿದಳು. ಆಂಟಿಬಾಡಿ ಅಂದರೆ ಇಷ್ಟೇ, ಎರಡು ಕವಲಿನ ತುದಿಗಳಿಂದ ಹೊರಗಿನವರನ್ನು ಹಿಡಿಯುತ್ತದೆ. ಐದು ಬಗೆ, ಒಂದೊಂದಕ್ಕೂ ಒಂದು ಇಂಗ್ಲಿಷ್ ಅಕ್ಷರದ ಹೆಸರು. ಎ ಎಂಬುದು ಕಣ್ಣೀರು, ಎಂಜಲು, ಎದೆಹಾಲಿನಲ್ಲಿ ಕಾವಲಿರುತ್ತದೆ. ಮರದ ಪುಡಿಗೆ ಅವನು ಸೀನುತ್ತಾನಲ್ಲ, ಅದು ಇ ಮಾಡುವ ಕಿತಾಪತಿ. ಡಿ ಏನು ಮಾಡುತ್ತದೆಂದು ಮಕ್ಕಳು ಕೇಳಿದರೆ ಟೀಚರುಗಳೇ ಮಾತು ತಿರುಗಿಸುತ್ತಾರೆ. ಎಂ ಐದು ಕಡ್ಡಿಗಳನ್ನು ಚಕ್ರದ ಹಾಗೆ ಜೋಡಿಸಿದ್ದು. ಎಲ್ಲರಿಗಿಂತ ಮೊದಲು ಓಡಿ ಬರುತ್ತದೆ, ಬೇಗ ಕರಗುತ್ತದೆ. ಜಿ ಒಂಟಿ ಕಡ್ಡಿ, ಆದರೆ ಹಳೆಯದನ್ನು ಬಿಡದು. ತಾಯಿಯಿಂದ ಹೊಟ್ಟೆಯೊಳಗಿನ ಕೂಸಿಗೆ ದಾಟುವುದೂ ಅದೇ.

“ಒಂದು ಮದ್ದು ಹಾಕಿ ಜೋಡಣೆ ಬಿಡಿಸಿ ನೋಡ್ತಾರೆ. ಎಂ ಆದ್ರೆ ಕಳಚಿಕೊಳ್ಳುತ್ತೆ, ಆಗ ಆಪರೇಷನ್ ಮಾಡಬಹುದು. ಜಿ ಆದ್ರೆ ಜಗ್ಗಲ್ಲ ರೀ.”

ಜೀವಮಾನವೆಲ್ಲ ಕುರ್ಚಿ ಮಂಚಗಳ ಕೀಲು ಬಿಗಿ ಮಾಡಿದವನು, ಮೊದಲ ಸಲ ಕೀಲು ಬಿಡಲಿ ಎಂದು ಹಾರೈಸಿದ.

ಬಿಡಲಿಲ್ಲ. ಜಿ. ಅದೂ ಮದ್ದಿನಿಂದ ತಗ್ಗಿಸಲಾರದಷ್ಟು. ಎಲ್ಲಿಂದ ಬಂತೆಂದು ಕೇಳಿದ. ಮಗಳು ಹೊಟ್ಟೆಯಲ್ಲಿದ್ದಾಗ, ಮಗುವಿನಲ್ಲಿದ್ದ ಅಪ್ಪನ ಅಂಶವನ್ನು ತಾಯಿಯ ರಕ್ತ ಹೊರಗಿನದೆಂದು ಗುರುತಿಟ್ಟುಕೊಂಡಿರಬೇಕು ಎಂದರು ಡಾಕ್ಟರ್. ಮಗಳು ತನ್ನದನ್ನು ಕೊಡಲು ಮುಂದೆ ಬಂದಳು. ಅದೂ ಆಗಲಿಲ್ಲ, ಅವಳಲ್ಲಿ ಅರ್ಧ ಅವನೇ.

“ಇಷ್ಟು ವರ್ಷ ನನ್ನ ಗುರುತು ಇಟ್ಕೊಂಡು ಕೂತಿದೆಯಲ್ಲೇ ನಿನ್ನ ರಕ್ತ” ಎಂದ. ನಗಿಸಲೆಂದೇ ಹೇಳಿದ್ದು.

“ನಿಮ್ಮನ್ನ ಮರೆಯೋದು ನಂಗೂ ಬರಲ್ಲ, ಅದಕ್ಕೂ ಬರಲ್ಲ.”

“ಸ್ವಲ್ಪ ಮರೆತಿದ್ರೆ ನಿಮ್ಮಪ್ಪನ ಗಂಟೇನು ಹೋಗ್ತಿತ್ತು?”

ಅವಳು ಅವನ ಅಂಗೈ ಬಿಡಿಸಿದಳು. ಪೆನ್ಸಿಲ್ ಗೀರು ಎಂದೋ ಅಳಿಸಿಹೋಗಿತ್ತು. ಅಲ್ಲೇ ಕೆನ್ನೆಯಿಟ್ಟು ಕಣ್ಣು ಮುಚ್ಚಿದಳು. ಮೆಷಿನ್ ತನ್ನ ಪಾಡಿಗೆ ತಿರುಗುತ್ತಿತ್ತು. ಅವನು ಕೈ ಅಲುಗಿಸಲಿಲ್ಲ. ಮಾಡಲು ಅವನಿಗೆ ಬೇರೇನೂ ಉಳಿದಿರಲಿಲ್ಲ.

ಬೇರೆಯವರ ಕಿಡ್ನಿಗಾಗಿ ಕಾಯುವವರ ಸಾಲಿನಲ್ಲಿ ಅವಳ ಹೆಸರು ಸೇರಿತು. ಅವನ ಎರಡೂ ಅವನಲ್ಲೇ ಉಳಿದವು. ಅರ್ಧ ಕೊಡುತ್ತೇನೆಂದ ಮಾತು ನಡೆಯಲಿಲ್ಲ.