ನಾಲ್ಕನೇ ಜೊತೆ ಬೂಟು

ತನ್ನ ಹಾಗೆ ಹತ್ತನೇ ನಂಬರಿನ ಕಾಲು ಹರ್ಷಿತಾಗೆ ನೋಡಿರುವ ಮಧುಕರನಿಗೂ ಯಾಕಿರಬಾರದು? ಊರಿನ ಅರ್ಧದಷ್ಟು ಗಂಡಸರಿಗೆ ಅದೇ ಅಳತೆ. ಹಾಗೆ ಸಮಾಧಾನ ಹೇಳಿಕೊಂಡರೂ ಸಿದ್ಧಾರೂಢನ ಬೆರಳು ಕೀಬೋರ್ಡಿನ ಮೇಲೆ ಆಡಲಿಲ್ಲ. ಎದುರಿನ ಸೋಫಾದಲ್ಲಿ ಹರ್ಷಿತಾ ಕಾಲು ಮಡಚಿ ಕೂತು, ಅವನು ಹುರಿದ ಅವಲಕ್ಕಿ ಚೂಡಾದಿಂದ ಶೇಂಗಾ ಆರಿಸಿ ಆರಿಸಿ ಅವನ ತಟ್ಟೆಗೆ ಹಾಕುತ್ತಿದ್ದಳು.

"ಬರ್ದ್ಯಾ? ನಾಲ್ಕನೇದು ಹತ್ತು."

"ಬರೀತೀನ್ರಿ."

"ನಿನ್ನ ಈ 'ರೀ' ಯಾವತ್ತು ಬಿಡ್ತೀಯೋ!"

"ಹುಬ್ಬಳ್ಳಿ ಬಾಯಿರಿ ಇದು. ನಾಯಿಗೂ ರೀ ಅಂತೀವಿ."

"ಥ್ಯಾಂಕ್ಸ್ ಕಣಪ್ಪ. ನನ್ನನ್ನ ನಾಯಿ ಸಾಲಿಗೆ ಸೇರಿಸ್ದೆ."

ಅವಳು ನಕ್ಕಳು. ನಗುವಾಗ ಅವಳ ಎಡಗಣ್ಣು ಬಲಗಣ್ಣಿಗಿಂತ ಒಂದು ಕ್ಷಣ ಮೊದಲು ಮುಚ್ಚುತ್ತದೆ. ಅದು ಗೊತ್ತಿರುವವನು ಜಗತ್ತಿನಲ್ಲಿ ತಾನೊಬ್ಬನೇ ಇರಬೇಕೆಂದು ಅವನು ಬಹಳ ದಿನಗಳಿಂದ ನಂಬಿದ್ದ.

ಮಂಡ್ಯದಿಂದ ಅವಳ ಅಪ್ಪ ಅಮ್ಮ ಮೌಂಟನ್ ವ್ಯೂನ ಅವಳ ಮನೆಗೆ ಬಂದಿದ್ದರು. ವಾಪಸ್ ಹೋಗುವುದರೊಳಗೆ ಅವರನ್ನು ಅಲಾಸ್ಕಾಗೆ ಕರೆದೊಯ್ಯಬೇಕು. ಮಟಾನುಸ್ಕಾ ಕಣಿವೆಯಲ್ಲಿ ಮೂರು ರಾತ್ರಿ ಇದ್ದು ಗ್ಲೇಶಿಯರಿನ ಮೇಲೆ ನಡೆದಾಡಿಸಬೇಕು ಎಂಬುದು ಅವಳ ಆಸೆ. ಅಪ್ಪ ಮುನಿರಾಜು ನಾಲೆಯ ಇಲಾಖೆಯಲ್ಲಿ ಕೆಲಸ ಮಾಡಿ ರಿಟೈರಾದವರು. ಜೀವಮಾನವೆಲ್ಲ ಹರಿಯುವ ನೀರನ್ನು ಕಾದವರಿಗೆ ನಿಂತ ನೀರು ಬೆಟ್ಟವಾಗಿರುವುದನ್ನು ಒಮ್ಮೆ ನೋಡಬೇಕಂತೆ. ಪ್ಲಾನ್ ಮಾಡಿಕೊಡಲು ಫ್ರೀಮಾಂಟಿನ ಸಿದ್ಧಾರೂಢನಿಗಿಂತ ಬೇರೆ ಯಾರು?

ಏಕೆಂದರೆ ಆ ಪ್ಲಾನು ಇಬ್ಬರದೂ. ಹರ್ಷಿತಾ ಫ್ರೀಮಾಂಟಿನಲ್ಲಿದ್ದಾಗ ಇಬ್ಬರೂ ಒಂದೇ ಕಂಪನಿಯ ಶಟಲ್ ಬಸ್ಸಿನಲ್ಲಿ, ಒಂದೇ ಸೀಟಿನಲ್ಲಿ ಆಫೀಸಿಗೆ ಹೋಗುತ್ತಿದ್ದರು. ಸೇತುವೆಗೆ ಮುಂಚೆ ಉಪ್ಪಿನ ಕಾರ್ಖಾನೆಯವರು ಗುಡ್ಡೆ ಹಾಕಿದ ಉಪ್ಪು ಬೆಳ್ಳಗೆ ಕಾಣುತ್ತಿತ್ತು. "ನೋಡು, ನಮ್ಮ ಗ್ಲೇಶಿಯರು ಬಂತು," ಎನ್ನುತ್ತಿದ್ದಳು. ಅಲ್ಲಿಂದ ಆಟ ಶುರು. ಯಾವ ಕ್ಯಾಬಿನ್ನು, ಯಾವ ದಾರಿ, ಐಸಿನ ಮೇಲೆ ಮೊದಲು ಜಾರುವವರು ಯಾರು. ಹೋಗುವ ಮಾತನ್ನು ಇಬ್ಬರೂ ಎತ್ತುತ್ತಿರಲಿಲ್ಲ. ಅವಳು ನಿದ್ದೆಗೆ ಜಾರಿ ತಲೆ ಅವನ ಭುಜಕ್ಕೆ ತಾಗಿದ ಬೆಳಗುಗಳಲ್ಲಿ ಟ್ರಾಫಿಕ್ಕು ಇನ್ನಷ್ಟು ಹೆಚ್ಚಲಿ ಎಂದು ಬೇಡಿಕೊಂಡಿದ್ದ ಏಕೈಕ ಮನುಷ್ಯ ಅವನು.

ಈಗ ಆ ಆಟಕ್ಕೆ ನಿಜವಾದ ತಾರೀಕು ಬಂದಿತ್ತು.

"ಮೊದಲ್ನೇ ದಿನ ನಡಿಯೂದು ಬ್ಯಾಡ. ಕ್ಯಾಬಿನ್ ಸೇರಿ ಸುಮ್ನ ಕಣಿವಿ ನೋಡ್ರಿ," ಎಂದ. "ಎರಡನೇ ದಿನ ಗೈಡ್ ಜೋಡಿ ಗ್ಲೇಶಿಯರು. ಮೂರನೇ ದಿನ ಬೋಟು. ಅಪ್ಪಾರ ಮೊಣಕಾಲಿಗೆ ಆರಾಮ ಆಗ್ತದ."

"ಅಮ್ಮಂಗೆ ಒಲೆ ಬೇಕಂತೆ. ಐಸ್ ಮೇಲೆ ಕೂತು ಪುಳಿಯೋಗರೆ ತಿನ್ನಿಸ್ತಾಳಂತೆ."

"ಒಲಿ ಐತ್ರಿ. ನೋಡೇ ಹಿಡಿದೀನಿ."

ಅವಳು ಅವನನ್ನೇ ನೋಡಿದಳು. "ಎಲ್ಲಾ ನೋಡ್ತೀಯ ನೀನು."

ಗ್ಲೇಶಿಯರಿನವರು ಬೂಟು ಕೊಡಲು ಎಲ್ಲರ ಕಾಲಿನ ಅಳತೆ ಕೇಳಿದ್ದರು. ಅಪ್ಪನದು, ಅಮ್ಮನದು, ತನ್ನದು ಹೇಳಿದ ಹರ್ಷಿತಾ ನಾಲ್ಕನೆಯದಕ್ಕೆ "ಒಂದ್ನಿಮಿಷ" ಎಂದು ಎದ್ದು ಬಾಗಿಲ ಕಡೆ ಹೋಗಿ ಬಂದು "ಹತ್ತು" ಎಂದಿದ್ದಳು. ನಾಲ್ಕನೆಯವರು ಯಾರೆಂದು ಅವನು ಕೇಳಲಿಲ್ಲ. ಫಾಸ್ಟರ್ ಸಿಟಿಯ ಮಧುಕರನ ಮನೆಯವರು ಹೆಣ್ಣು ಕೇಳಿಕೊಂಡು ಬಂದಿದ್ದು ಗೊತ್ತಿತ್ತು. ಬಾಗಿಲಾಚೆ ಹೋಗಿ ಅವನಿಗೇ ಫೋನ್ ಮಾಡಿರಬಹುದು.

"ಟ್ರಿಪ್ಪಿಂದ ಬಂದ್ಮೇಲೆ ಅಪ್ಪ ಮಧುಕರ್ ಮನೆಯವ್ರಿಗೆ ಹೂಂ ಅಥ್ವಾ ಉಹೂಂ ಹೇಳ್ಬೇಕು," ಎಂದಳು ಹೊರಡುವಾಗ. "ಅದಕ್ಕೆ ಮುಂಚೆ ಯಾರಾದ್ರೂ ಏನಾದ್ರೂ ಹೇಳೋದಿದ್ರೆ ಹೇಳ್ಬಹುದು."

"ಚಳಿ ಭಾಳ ಇರ್ತದ. ಸ್ವೆಟರ್ ಒಯ್ರಿ," ಎಂದ ಸಿದ್ಧಾರೂಢ.

ಅವಳು ಹೋದ ಮೇಲೆ ಬಾಗಿಲು ಹಾಕಲು ಬಂದವನು ಹಾಗೇ ನಿಂತ. ಹೊರಗೆ ಬಿಟ್ಟಿದ್ದ ಅವನ ಶೂಗಳಲ್ಲಿ ಒಂದು ಮಗುಚಿ ಬಿದ್ದಿತ್ತು. ತಳದಲ್ಲಿ ಅಳತೆ ಕಾಣುವಂತೆ: ಹತ್ತು. ಮನೆಯಲ್ಲಿ ಚಪ್ಪಲಿ ಮಗುಚಿದ್ದರೆ ಜಗಳವಾಗುತ್ತದೆಂದು ಅವನ ಅವ್ವ ಬೈಯುತ್ತಿದ್ದಳು. ಅವನು ಬಗ್ಗಿ ಅದನ್ನು ನೆಟ್ಟಗಿಟ್ಟ.

ಹಾಗಾದರೆ ಅನುಮಾನ ಉಳಿದಿರಲಿಲ್ಲ. ಉಳಿದದ್ದು ಒಂದು 'ಓ'.

ಹಿಂದಿನ ಸಲ ಬಂದಾಗ ಮುನಿರಾಜು ಊಟದ ನಡುವೆ ಕೇಳಿದ್ದರು: "ನೀವು ಯಾವ ಪೈಕಿ?" ಅವನು ಜಾತಿ ಹೇಳಿದ್ದ. "ಓ," ಎಂದು ಅವರು ಮುದ್ದೆ ಮುರಿದಿದ್ದರು. ಅಷ್ಟೇ. ಆ 'ಓ'ದೊಳಗೆ ಸಿದ್ಧಾರೂಢ ಒಂದು ಗೋಡೆ ಕಟ್ಟಿ, ಅದಕ್ಕೆ ಬಾಗಿಲಿಲ್ಲವೆಂದು ನಂಬಿ ಬದುಕಿದ್ದ. ಶೂ ಮಗುಚಿದ್ದು ಕಂಡ ಆ ವಾರವೆಲ್ಲ ಫೋನಿನಲ್ಲಿ ಅವಳಿಗೆ ಬರೆಯುವುದು, ಅಳಿಸುವುದು. ಕೊನೆಗೆ ಹೋದದ್ದು ಇಷ್ಟು: "ಆಫೀಸಿನ್ಯಾಗ ರಿಲೀಸ್ ಐತಿ, ರಜಾ ಸಿಗಂಗಿಲ್ಲ. ನಿಮ್ಮ ಟ್ರಿಪ್ ಛಲೋ ಆಗ್ಲಿ."

ಅವಳಿಂದ ಹೆಬ್ಬೆರಳೆತ್ತಿದ ಒಂದು ಇಮೋಜಿ ಬಂತು.

ಗ್ಲೇಶಿಯರಿನ ದಿನ ಮಧ್ಯಾಹ್ನ ವಿಡಿಯೋ ಕಾಲ್ ಬಂತು. ಮುನಿರಾಜು ಹೆಲ್ಮೆಟ್ಟಿನಲ್ಲಿ ಚಿಕ್ಕ ಹುಡುಗನಂತೆ ಕಾಣುತ್ತಿದ್ದರು.

"ನೀಲಿ ಕಣಪ್ಪಾ! ಒಳಗೆಲ್ಲಾ ನೀಲಿ ಐತೆ! ನೀವು ಬರ್ಬೇಕಿತ್ತು. ಇಲ್ನೋಡಿ, ನಿಮ್ ಬೂಟು." ಕ್ಯಾಮೆರಾ ತಿರುಗಿತು. ಬೆಂಚಿನ ಮೇಲೆ ಒಂದು ಜೊತೆ ಬೂಟು, ಅದರೊಳಗೆ ಯಾರೋ ಮಡಚಿಟ್ಟ ಹೊಸ ಉಣ್ಣೆಯ ಕಾಲುಚೀಲ. "ವಾಪಸ್ ಕೊಡ್ತೀನಿ ಅಂದ್ಲು ಮಗಳು. ನಾನೇ ಬೇಡ ಅಂದೆ. ಕೊನೇ ಗಳಿಗೇಲಿ ಬಂದ್ರೂ ಬರ್ತಾನೆ ಹುಡುಗ, ಇರ್ಲಿ ಅಂತ."

'ಓ' ಬರೀ 'ಓ' ಆಗಿತ್ತು.

ಹರ್ಷಿತಾ ಫೋನ್ ತೆಗೆದುಕೊಂಡು ನಾಲ್ಕು ಹೆಜ್ಜೆ ದೂರ ಬಂದಳು. ಚಳಿಗೆ ಮೂಗಿನ ತುದಿ ಕೆಂಪಾಗಿತ್ತು. ಹಿಂದೆ ಕಣಿವೆಯುದ್ದಕ್ಕೂ ಬಿಳುಪು.

"ಸಿದ್ದು," ಎಂದಳು. ಈ ಸಲ ತಮಾಷೆಯಿರಲಿಲ್ಲ. "ಏನಾದ್ರೂ ಹೇಳ್ಬೇಕಾ?"

ಅವನ ಗಂಟಲಲ್ಲಿ ಮಾತಿತ್ತು. ಅದು ಇಷ್ಟು ವರ್ಷ ಇದ್ದ ಜಾಗವೇ ಅದಕ್ಕೆ ಮನೆಯಾಗಿಬಿಟ್ಟಿತ್ತು.

"ಹುಷಾರಾಗಿ ನಡೀರಿ," ಎಂದ. "ಹೆಜ್ಜಿ ಒತ್ತಿ ಇಡ್ರಿ."

ಅವಳು ಫೋನನ್ನು ಮುಖದ ಹತ್ತಿರ ತಂದಳು. ಎಡಗಣ್ಣು ಮೊದಲು ಮುಚ್ಚಿತು. ಆದರೆ ಅದು ನಗುವಾಗಿರಲಿಲ್ಲ. "ಆಯ್ತು ಕಣೋ," ಎಂದು ಫೋನ್ ಇಟ್ಟಳು.

ಅಲ್ಲಿಂದ ಬಂದ ಮೇಲೆ ಮುನಿರಾಜು ಮಧುಕರನ ಮನೆಯವರಿಗೆ ಹೂಂ ಎಂದರು. ಮದುವೆಗೆ ಸಿದ್ಧಾರೂಢ ಹೋಗಿ ಉಂಡು ಬಂದ. ಹರ್ಷಿತಾ ಈಗ ಫಾಸ್ಟರ್ ಸಿಟಿಯಲ್ಲಿ ನೀರಿನ ಪಕ್ಕದ ಮನೆಯಲ್ಲಿದ್ದಾಳೆ. ಸುಖವಾಗಿದ್ದಾಳೆಂದು ಕೇಳಿದರೆ ಅವನಿಗೆ ನಿಜವಾಗಿಯೂ ಸಂತೋಷವಾಗುತ್ತದೆ.

ಅಷ್ಟು ವರ್ಷ ಅವಳಿಗಾಗಿ ದಾರಿ ಹುಡುಕಿದವನು, ನಾನೂ ಬರುತ್ತೇನೆ ಎಂದು ಒಮ್ಮೆಯೂ ಹೇಳಲಿಲ್ಲ.