ಲೆಟರ್‌ಕೆನ್ನಿಯಲ್ಲಿ ಸಿಕ್ಕ ಕಾರು

ತನ್ನ ಬೂದು ಬಣ್ಣದ ಕಾರಿನ ಗಾಜಿಗೆ ಹಣೆ ಹಚ್ಚಿ ಒಳಗೆ ಇಣುಕುತ್ತಿದ್ದ ಗಂಡಸನ್ನು ಕಂಡು ವಿನೋದಿನಿ, ಪೊಲೀಸರು ಹಿಡಿದ ಕಾರುಗಳನ್ನು ಇಡುವ ಯಾರ್ಡಿನ ಗೇಟಿನಲ್ಲೇ ನಿಂತುಬಿಟ್ಟಳು.

ಆ ಬೆನ್ನು... ಆ ನೀಲಿ ಜಾಕೆಟ್ಟು... ಅದನ್ನು ಕೊಡಿಸಿದ್ದೇ ಅವಳು!

"ಶ್ರೀನಿಧಿ?"

ಅವನು ಬೆಚ್ಚಿ ತಿರುಗಿದ.

"ವಿನೂ! ನೀನು ಮಧ್ಯಾಹ್ನದ ಬಸ್ಸಿಗೆ ಬರ್ತೀಯ ಅಂತ..."

"ಮೊದಲನೇ ಬಸ್ಸಿಗೇ ಬಂದೆ. ಅಲ್ಲ, ನಿನಗೆ ಇವತ್ತು ಡ್ಯೂಟಿ ಅಂದಿದ್ದೆಯಲ್ಲ?"

ಅವನು ಜಾಕೆಟ್ಟಿನ ಜಿಪ್ಪನ್ನು ಮೇಲಕ್ಕೆ ಎಳೆದ, ಕೆಳಕ್ಕೆ ಎಳೆದ.

ವಿನೋದಿನಿಯ ಎದೆಯಲ್ಲಿ ನಿನ್ನೆಯಿಂದ ಕೊರೆಯುತ್ತಿದ್ದ ಅನುಮಾನದ ಹುಳ ಈಗ ತಲೆಯೆತ್ತಿತು.

ನಿನ್ನೆ ಶುಕ್ರವಾರ ತಮ್ಮ ತೇಜು ಕಾರು ಕೇಳಿದ್ದ. ಓದು ಮುಗಿಸಿ ಕೆಲಸ ಹುಡುಕುತ್ತಿರುವ ಹುಡುಗ. "ಹಾಲಿಹಿಲ್‌ನಲ್ಲಿ ಇಂಟರ್‌ವ್ಯೂ ಅಕ್ಕಾ," ಎಂದಿದ್ದ. ಅವಳು ಬೀಗದ ಕೈ ಕೊಟ್ಟು, ಹಣೆಗೆ ಕುಂಕುಮ ಇಟ್ಟು ಕಳಿಸಿದ್ದಳು. ಸಂಜೆ ಫೋನು ಬಂತು.

"ಅಕ್ಕಾ, ಬೈಬೇಡ. ಗಾರ್ಡಾ ಪೊಲೀಸ್ನೋರು ಕಾರು ಎತ್ಕೊಂಡು ಹೋದ್ರು. ಲೈಸೆನ್ಸ್ ಇತ್ತು, ಟ್ಯಾಕ್ಸ್ ಕಟ್ಟಿತ್ತು, ಎಲ್ಲ ಗ್ರ್ಯಾಂಡ್, ಸರಿ ಇದೆ ಅನ್ಕೊಂಡೆ. ಇನ್ಶೂರೆನ್ಸ್‌ನಲ್ಲಿ ನನ್ನ ಹೆಸರೇ ಇಲ್ವಂತೆ!"

ಅವಳು ತಲೆ ಚಚ್ಚಿಕೊಂಡಿದ್ದಳು. ನಮ್ಮೂರಿನಲ್ಲಿ ಇನ್ಶೂರೆನ್ಸ್ ಗಾಡಿಗೆ. ಯಾರು ಓಡಿಸಿದರೂ ಸರಿ. ಈ ದೇಶದಲ್ಲಿ ಓಡಿಸುವವರ ಹೆಸರು ಪಾಲಿಸಿಯಲ್ಲಿ ಇರಲೇಬೇಕು. ಮೂರು ವರ್ಷದಿಂದ ಒಬ್ಬಳೇ ಓಡಿಸುತ್ತಿದ್ದವಳಿಗೆ ಅದು ನೆನಪೇ ಆಗಿರಲಿಲ್ಲ.

ಆದರೆ ತೇಜು ಕಳಿಸಿದ ಯಾರ್ಡಿನ ವಿಳಾಸ ನೋಡಿದಾಗ ನಿದ್ದೆ ಹಾರಿಹೋಗಿತ್ತು. ಲೆಟರ್‌ಕೆನ್ನಿ! ತಾವಿರುವ ಗಾಲ್ವೇಯಿಂದ ಹಾಲಿಹಿಲ್ ದಕ್ಷಿಣಕ್ಕೆ. ಲೆಟರ್‌ಕೆನ್ನಿ ಉತ್ತರಕ್ಕೆ. ಶ್ರೀನಿಧಿ ಡಾಕ್ಟರಾಗಿರುವ ಊರು!

"ಅಲ್ಲಿಗ್ಯಾಕೆ ಹೋದೆಯೋ?" ಎಂದರೆ ತೇಜು, "ಅಕ್ಕಾ, ಚಾರ್ಜ್ ಇಲ್ಲ," ಎಂದು ಫೋನಿಟ್ಟಿದ್ದ.

ಈಗ ಆಫೀಸಿನಿಂದ ಯಾರ್ಡಿನ ಮುದುಕ ಹೊರಗೆ ಬಂದ. ಅವಳ ಲೈಸೆನ್ಸು, ಇನ್ಶೂರೆನ್ಸ್ ಪತ್ರ ಎರಡನ್ನೂ ಮೂಗಿನ ಹತ್ತಿರ ಹಿಡಿದು ಓದಿದ.

"ಅಂತೂ ಓನರ್ ಬಂದೆಯಲ್ಲಮ್ಮ. ಈ ಡಾಕ್ಟರು ಬೆಳಿಗ್ಗೆಯಿಂದ ಎರಡು ಸಲ ಬಂದು ಹೋದ. ಹಿಂದಿನ ಸೀಟಲ್ಲಿ ಹೆಂಗಸರ ಬ್ಯಾಗ್ ಇದೆ, ಅರ್ಜೆಂಟಾಗಿ ಬೇಕು, ಕೊಡಿ ಅಂತ! ಓನರ್ ಬರದೆ ಒಂದು ಪಿನ್ನೂ ಕೊಡಲ್ಲ ಅಂದೆ."

ಹೆಂಗಸರ ಬ್ಯಾಗಾ?

ವಿನೋದಿನಿ ಗಾಜಿನೊಳಗೆ ನೋಡಿದಳು. ಹಿಂದಿನ ಸೀಟಿನ ಮೇಲೆ ಹೊಚ್ಚ ಹೊಸ ಕೆಂಪು ಹ್ಯಾಂಡ್‌ಬ್ಯಾಗು. ಪಕ್ಕದಲ್ಲಿ ಮಡಚಿಟ್ಟ ಕೆನೆ ಬಣ್ಣದ ಕೋಟು. ಎರಡೂ ಅವಳದಲ್ಲ.

"ಯಾರದು ಶ್ರೀ?"

"ವಿನೂ, ಒಂದು ಹತ್ತು ನಿಮಿಷ ತಡಿ. ತೇಜು ಬರ್ತಾನೆ. ನಾನು ಹೇಳೋ ಹಾಗಿಲ್ಲ, ಮಾತು ಕೊಟ್ಟಿದೀನಿ."

"ಯಾರಿಗೆ ಮಾತು ಕೊಟ್ಟೆ? ಈ ಬ್ಯಾಗಿನೋಳಿಗಾ?"

"ಅಯ್ಯೋ, ಹಾಗಲ್ಲ ಕಣೇ..."

"ಮತ್ತೆ ಹೇಗೆ? ನಮ್ಮನೇಲಿ ಮದುವೆ ಮಾತಾಡು ಅಂದು ಎರಡು ತಿಂಗಳಾಯ್ತು! ಕೇಳಿದಾಗೆಲ್ಲ ಡ್ಯೂಟಿ, ನೈಟ್ ಶಿಫ್ಟ್, ಪರೀಕ್ಷೆ... ನನ್ನ ತಮ್ಮನ್ನೂ ನಿನ್ನ ಸುಳ್ಳಿಗೆ ಸೇರಿಸ್ಕೊಂಡೆಯಲ್ಲ!"

ಅವನು ಒಂದು ಹೆಜ್ಜೆ ಮುಂದೆ ಬಂದ. ಅವಳು ಎರಡು ಹೆಜ್ಜೆ ಹಿಂದೆ ಸರಿದಳು.

ಅಳಬಾರದು... ಈ ಮುದುಕನ ಎದುರಿಗೆ ಅಳಬಾರದು!

"ಕಾರು ತಗೊಂಡು ಹೋಗ್ತೀನಿ. ಇವತ್ತಿಂದ ನನಗೆ ಫೋನ್ ಮಾಡಬೇಡ."

ಶ್ರೀನಿಧಿ ಗೇಟಿನತ್ತ ಕಣ್ಣು ಹಾಯಿಸಿದ. ಅದನ್ನು ಕಂಡು ಅವಳಿಗೆ ಇನ್ನೂ ಉರಿಯಿತು. ಇಲ್ಲ ಅನ್ನೋಕೂ ಆಗಲ್ವಾ ಇವನಿಗೆ?

ಸಹಿ ಹಾಕಿ ಬೀಗದ ಕೈ ಇಸಿದುಕೊಂಡಳು. ಹಿಂದಿನ ಬಾಗಿಲು ಎಳೆದು ತೆರೆದು, ಕೆಂಪು ಬ್ಯಾಗನ್ನು ಎತ್ತಿ ಅವನ ಎದೆಗೆ ಎಸೆಯಲು ಕೈ ಬೀಸಿದಳು.

"ಏ ವಿನೂ, ಹುಷಾರು ಕಣೇ! ಅದ್ರಾಗೆ ನನ್ನ ಕನ್ನಡಕ ಐತೆ!"

ಎತ್ತಿದ ಕೈ ಗಾಳಿಯಲ್ಲೇ ನಿಂತಿತು.

ಗೇಟಿನಲ್ಲಿ ತೇಜುವಿನ ತೋಳು ಹಿಡಿದು ನಿಂತಿದ್ದರು ನೀಲಮ್ಮತ್ತೆ! ಸ್ಲೈಗೋದಲ್ಲಿರುವ ಮಗಳ ಬಾಣಂತನಕ್ಕೆಂದು ತುಮಕೂರಿನಿಂದ ಬಂದಿದ್ದ ಸೋದರತ್ತೆ. ರೇಷ್ಮೆ ಸೀರೆ, ಅದರ ಮೇಲೆ ಶ್ರೀನಿಧಿಯ ದೊಡ್ಡ ಸ್ವೆಟರು.

"ಅತ್ತೆ... ನೀವು... ಇಲ್ಲಿ?"

"ಇನ್ನೆಲ್ಲಿ? ಹುಡುಗನ ಮನೆ ನೋಡಕ್ಕೆ ಬಂದಿದ್ವಿ."

"ಯಾವ ಹುಡುಗ?"

"ಅಯ್ಯೋ, ನಿನ್ನ ಹುಡುಗನೇ ಕಣೇ! ಈ ಡಾಕ್ಟ್ರು ಎರಡು ತಿಂಗಳ ಹಿಂದೆಯೇ ತೇಜೂಗೆ ಫೋನ್ ಮಾಡಿ, ನಿಮ್ಮ ಕಡೆ ಹಿರಿಯರು ಯಾರು, ನಮ್ಮ ಮನೆ ನೋಡಕ್ಕೆ ಯಾವಾಗ ಬರ್ತಾರೆ ಅಂತ ಕೇಳಿದ್ರು. ನಮ್ಮಣ್ಣ ಇದ್ದಿದ್ರೆ ಅವನೇ ಬರ್ತಿದ್ದ. ಇಲ್ಲ. ಅದಕ್ಕೆ ನಾನು. ಮಗೂಗೆ ಎರಡು ತಿಂಗಳು ತುಂಬೋವರೆಗೆ ಬಾಣಂತಿನ ಬಿಟ್ಟು ಕದಲಲ್ಲ ಅಂದಿದ್ದೆ."

"ನನಗೆ ಒಂದು ಮಾತು ಹೇಳಬಾರದಿತ್ತಾ?"

"ಮನೆ ನೋಡಕ್ಕೆ ಹೋಗೋದನ್ನ ಹುಡುಗಿಗೆ ಹೇಳ್ತಾರೇನೇ? ನಮಗೆ ಹಿಡಿಸ್ಲಿಲ್ಲ ಅಂದ್ರೆ ಸದ್ದಿಲ್ದೆ ವಾಪಸ್ ಹೋಗ್ತಿದ್ವಿ. ನಿನ್ನ ಮನಸ್ಸಿಗೆ ನೋವಾಗ್ಬಾರ್ದಲ್ಲ!"

ತೇಜು ತಲೆ ತಗ್ಗಿಸಿದ. "ದಾರೀಲಿ ಸ್ಲೈಗೋದಲ್ಲಿ ಅತ್ತೇನ ಹತ್ತಿಸ್ಕೊಂಡು ಬಂದೆ ಅಕ್ಕಾ. ಭಾವನ ಮನೆ ತಿರುವಲ್ಲೇ ಚೆಕಿಂಗ್..."

"ನಿಂಗೆ ಈಗ್ಲೇ ಭಾವ ಆದ್ನಾ?" ಎಂದು ಅವಳು ಗದರಿದರೂ ದನಿಯಲ್ಲಿ ಬಿಸಿ ಇರಲಿಲ್ಲ.

"ಹಣ್ಣಿನ ಬುಟ್ಟಿ ಒಂದು ಕೈಯಲ್ಲಿತ್ತು, ಉಳೀತು," ಎಂದರು ಅತ್ತೆ. "ಮಗಳು ಕೊಡಿಸಿದ ಕೋಟು, ಬ್ಯಾಗು, ಕನ್ನಡಕ ಎಲ್ಲಾ ಆ ಲಾರಿ ಮೇಲೆ ಮೆರವಣಿಗೆ ಹೋಯ್ತು. ಕನ್ನಡಕ ಇಲ್ದೆ ಏನು ಮನೆ ನೋಡ್ಲಿ? ಗೋಡೆ ಯಾವುದು, ಬೀರು ಯಾವುದು ಅಂತ್ಲೇ ಗೊತ್ತಾಗ್ಲಿಲ್ಲ. ಹುಡುಗ ಉಪ್ಪಿಟ್ಟು ಮಾತ್ರ ಚೆನ್ನಾಗಿ ಮಾಡ್ತಾನೆ. ಅದು ಬಾಯಿಗೆ ಗೊತ್ತಾಯ್ತು."

ವಿನೋದಿನಿಗೆ ನಗು ಬಂತು. ನಗುವಿನ ಜೊತೆಗೇ, ಇಷ್ಟು ಹೊತ್ತು ತಡೆದಿದ್ದ ಕಣ್ಣೀರೂ ಬಂತು.

ಅತ್ತೆ ಬ್ಯಾಗಿನಿಂದ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ ಹಾಕಿಕೊಂಡರು. ಶ್ರೀನಿಧಿಯನ್ನು ತಲೆಯಿಂದ ಕಾಲಿನವರೆಗೆ ನೋಡಿದರು.

"ಪರವಾಗಿಲ್ಲ. ಮನೆ ನೀನೇ ನೋಡ್ಕೋ ಹೋಗೇ, ಬಾಳೋಳು ನೀನು. ಏ ತೇಜು, ನಡಿ, ನಾವು ನಡ್ಕೊಂಡು ಬರೋಣ. ಅಷ್ಟೇನು ದೂರ ಇಲ್ಲ."

ಮುದುಕ ಆಗಲೇ ಆಫೀಸಿನೊಳಕ್ಕೆ ಹೋಗಿದ್ದ; ಯಾರ್ಡಿನಲ್ಲಿ ಇಬ್ಬರೇ ಉಳಿದರು.

"ಶ್ರೀ... ನಾನು ನಿನ್ನ ಬಗ್ಗೆ ಏನೇನೋ ಅಂದ್ಕೊಂಡೆ."

"ಅಂದ್ಕೊಳ್ಳೋ ಹಾಗೆ ನಡ್ಕೊಂಡೆ ನಾನು. ಎರಡು ತಿಂಗಳು ನಿನ್ನ ಹತ್ರ ಸುಳ್ಳು ಹೇಳಿ ಸಾಕಾಗಿದೆ. ಇನ್ಮೇಲೆ ಯಾರಿಗೆ ಮಾತು ಕೊಡೋದಿದ್ರೂ ನಿನ್ನ ಕೇಳಿ ಕೊಡ್ತೀನಿ."

ಅವಳು ಡ್ರೈವರ್ ಸೀಟಿನಲ್ಲಿ ಕುಳಿತು ಪಕ್ಕದ ಬಾಗಿಲು ತಳ್ಳಿದಳು.

"ಹತ್ತು. ಪಕ್ಕ ಕೂರೋಕೆ ಇನ್ಶೂರೆನ್ಸ್‌ನಲ್ಲಿ ಹೆಸರು ಬೇಕಾಗಿಲ್ಲ."

ಅವನು ಹತ್ತಿ ಕುಳಿತ. ಬೆಲ್ಟು ಹಾಕಿಕೊಳ್ಳುತ್ತ ಮೆಲ್ಲಗೆ ಕೇಳಿದ.

"ಮನೆ ಹಿಡಿಸಿದ್ರೆ?"

"ಸೋಮವಾರ ಫೋನ್ ಮಾಡಿ ಎರಡು ಹೆಸರು ಸೇರಿಸ್ತೀನಿ. ತೇಜೂದೊಂದು..."

"ಇನ್ನೊಂದು?"

ಅವಳು ಗೇರಿನ ಮೇಲಿದ್ದ ಕೈಯನ್ನು ತೆಗೆದು ಅವನ ಕೈಯಲ್ಲಿಟ್ಟಳು.

"ಹಿಡಿಸ್ದೇ ಇದ್ರೆ?" ಎಂದ ಅವನು, ಆ ಕೈಯನ್ನು ಬಿಡದೆ.

"ಉಪ್ಪಿಟ್ಟು ಉಳಿದಿದೆಯಾ, ಅದನ್ನ ಹೇಳು ಮೊದಲು..."